ಹುಲ್ಲಿನಡಿಯ ಊರಿಗೆ ದಿಬ್ಬದಕ್ಕನ ಕಾವಲು

ಬೆಳಗಿನ ಆರು ಗಂಟೆ. "ಸ್ವಲ್ಪ ಆಚೆ ನಿಂತ್ಕೊಳ್ಳಿ ಸಾರ್, ನೀವು ಯಾರದೋ ಗೋಡೆ ಮೇಲೆ ನಿಂತಿದೀರಿ" ಎನ್ನುತ್ತಾರೆ ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಕೂತ ಹೆಂಗಸು. ಕಾಲಡಿ ನೋಡುತ್ತೇನೆ, ಹುಲ್ಲು ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ ಎಳೆಬಿಸಿಲು ಓರೆಯಾಗಿ ಬೀಳುತ್ತದೆ. ಬಯಲಿನ ಉಬ್ಬುತಗ್ಗುಗಳಿಗೆಲ್ಲ ನೆರಳು ಮೂಡಿ ಮನೆಗಳ ಸಾಲು, ನಡುವೆ ಓಣಿ, ಹಿಂದೆ ಹಿತ್ತಿಲು ಕಾಣುತ್ತವೆ. ತೆಪ್ಪಗೆ ಪಕ್ಕಕ್ಕೆ ಸರಿಯುತ್ತೇನೆ.

ಆರುನೂರು ವರ್ಷಗಳ ಹಿಂದೆ ಜನ ಬಿಟ್ಟುಹೋದ ಊರಿದು. ಏಕೆ ಹೋದರೋ ಯಾರಿಗೂ ಗೊತ್ತಿಲ್ಲ. ಮಣ್ಣಿನ ಗೋಡೆಗಳು ಕುಸಿದು ಮೊಣಕಾಲೆತ್ತರದ ದಿಬ್ಬಗಳಾಗಿವೆ. ಹುಲ್ಲು ಬೆಳೆದರೆ ಅವೂ ಮಾಯ. ಹಾಗಾಗದಂತೆ ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿರುವವರು ಈಕೆ, ಸುತ್ತಮುತ್ತಲಿನವರಿಗೆ 'ದಿಬ್ಬದಕ್ಕ'. ದಿನಕ್ಕೆ ಎರಡು ಮನೆಯ ಹುಲ್ಲು ಕೊಯ್ಯುತ್ತಾರೆ, ಒಟ್ಟು ನಲವತ್ತಾರು ಮನೆ. ಕೊನೆಯದು ಮುಗಿಯುವಷ್ಟರಲ್ಲಿ ಮೊದಲನೆಯದರ ಹುಲ್ಲು ಮತ್ತೆ ತಲೆಯೆತ್ತಿರುತ್ತದೆ. ಯಂತ್ರ ಬಳಸುವಂತಿಲ್ಲ, ಚಕ್ರಕ್ಕೆ ಸಿಕ್ಕಿ ದಿಬ್ಬದ ಅಂಚು ಕೆಡುತ್ತದೆ. ಅಕ್ಕನ ಸೊಂಟ ಕೆಟ್ಟರೆ ಪರವಾಗಿಲ್ಲ ಎಂದು ಅವರನ್ನು ಕೆಲಸಕ್ಕಿಟ್ಟ ಪುರಾತತ್ವ ಇಲಾಖೆ ಅಂದುಕೊಂಡಂತಿದೆ.

ಸೇರಿದ ಹೊಸತರಲ್ಲಿ ಒಂದು ಎಡವಟ್ಟಾಯಿತು. "ಗುಂಡೀಲಿ ಮಳೆ ನೀರು ನಿಲ್ತಿತ್ತು. ಅಚ್ಚುಕಟ್ಟಾಗಿರ್ಲಿ ಅಂತ ಮಣ್ಣು ತುಂಬಿ ಸಮ ಮಾಡ್ಬಿಟ್ಟೆ. ಆಮೇಲೆ ಗೊತ್ತಾಯ್ತು, ಅದು ಊರಿನ ಬಾವಿ!" ಇಲಾಖೆಯ ಹಿರಿಯ ಸಂಶೋಧಕಿ ಬಯ್ಯಲಿಲ್ಲ. ಜೊತೆಗೆ ಕೂತು ಮೂರು ದಿನ ಕೈಯಲ್ಲೇ ಮಣ್ಣು ಬಗೆದರು. "ನಮ್ಮನೆಯವರು ತೀರ್ಕೊಂಡು ಎರಡು ತಿಂಗಳಾಗಿತ್ತು. ಅವತ್ತು ಮೇಡಂ ಕೆಲಸ ಬಿಡ್ಸಿದ್ರೆ ಮಕ್ಕಳನ್ನ ಹೇಗೆ ಸಾಕ್ತಿದ್ದೆ? ಅವರ ಉಪಕಾರ ಮರೆಯೋ ಹಾಗಿಲ್ಲ."

ಕಳೆದ ವರ್ಷ ಈ ಊರೇ ಅಳಿಸಿಹೋಗುವುದರಲ್ಲಿತ್ತು. ಹೊಸ ರಸ್ತೆಗೆ ಅಳತೆ ಮಾಡುವವರು ನಡುಮಧ್ಯಾಹ್ನ ಬಂದರು. ಒಂದು ಇಲಾಖೆ ಕಾಯುವುದು ಇನ್ನೊಂದಕ್ಕೆ ಗೊತ್ತಿರಬೇಕೆಂದೇನೂ ಇಲ್ಲವಲ್ಲ! ನೆತ್ತಿಯ ಬಿಸಿಲಲ್ಲಿ ನೆರಳಿಲ್ಲ, ನೆರಳಿಲ್ಲದೆ ದಿಬ್ಬಗಳು ಕಾಣುವುದಿಲ್ಲ. ನಕ್ಷೆಯಲ್ಲಿ 'ಖಾಲಿ ಜಾಗ' ಎಂದು ಬರೆದುಕೊಂಡರು. ದಿಬ್ಬದಕ್ಕ ಅವರ ಜೊತೆಗಿದ್ದ ಎಂಜಿನಿಯರಿಗೆ ಗಂಟುಬಿದ್ದರು. "ನಾಳೆ ಬೆಳಿಗ್ಗೆ ಒಂದ್ಸಲ ಬನ್ನಿ ಸಾರ್. ಊರು ಕಾಣ್ದಿದ್ರೆ ನಿಮ್ಮ ಗೂಟ ನಾನೇ ಹೊಡ್ಕೊಡ್ತೀನಿ."

ಆತ ಬಂದರು, ಅರ್ಧ ಗಂಟೆ ಓಣಿ ಓಣಿ ಸುತ್ತಿ ನೋಡಿದರು. ಈಗ ರಸ್ತೆ ಬಯಲನ್ನು ಬಳಸಿಕೊಂಡು ಹೋಗುತ್ತಿದೆ. ಇದನ್ನು ನೋಡಲು ಬರುವ ನಾವೆಲ್ಲ ಈ ಹೆಂಗಸಿಗೆ ಋಣಿಗಳು.

ಹಾಗೆಂದರೆ ಅವರಿಗೆ ನಾಚಿಕೆ. "ಎಂಜಿನಿಯರ್ ಸಾಹೇಬ್ರು ಹೊಸ ನಕ್ಷೆ ತಂದು ತೋರ್ಸಿದ್ರು ಸಾರ್. 'ಖಾಲಿ ಜಾಗ' ಹೊಡ್ದುಹಾಕಿ 'ಊರು' ಅಂತ ಬರ್ದಿದ್ರು. ನಂಗೆ ಓದು ಅಷ್ಟಕ್ಕಷ್ಟೆ. ಆ ಎರಡಕ್ಷರ ಮಾತ್ರ ನಾನೇ ಓದ್ದೆ."