ಫೌಜದಾರ ಕುಡಿದ ಸಾಕ್ಷಿ

ಎಂಬತ್ತರ ದಶಕ. ಬಾವಿಯ ಡೀಸೆಲ್ ಎಂಜಿನ್ ರಿಪೇರಿಗೆಂದು ತೆಲಸಂಗದ ಜೈನರ ಮನೆಗೆ ಹೋಗಿದ್ದೆ. ಮನೆಯ ಆಯಿ ನೀರು ಸೋಸಿ, ಸೋಸಿದ ಬಟ್ಟೆಯನ್ನು ತಂಬಿಗೆಯಲ್ಲಿ ಜಾಲಿಸಿ, ಆ ನೀರನ್ನು ಮರಳಿ ಬಾವಿಗೆ ಬಿಡಲು ಹೊರಟಿದ್ದರು. ಬಟ್ಟೆಗೆ ಅಂಟಿದ ಸಣ್ಣ ಜೀವಗಳು ಸಾಯಬಾರದಲ್ಲ!

ಅಷ್ಟರಲ್ಲಿ ಪೊಲೀಸರು ಬಾಗಿಲು ಒದ್ದು ಮುರಿದು ಒಳಗೆ ನುಗ್ಗಿದರು. ಕೂಗಿ ಕರೆಯಲಿಲ್ಲ, ಕದ ತಟ್ಟಲಿಲ್ಲ, ವಾರಂಟಿನ ಒಂದು ಕಾಗದ ತೋರಿಸಲಿಲ್ಲ. ನನ್ನ ಚೀಲದಲ್ಲಿ ಎಂಜಿನ್ನಿನ ತಾಮ್ರದ ಕೊಳವೆ ಕಂಡದ್ದೇ ತಡ, ಅದು ಸಾರಾಯಿ ಇಳಿಸುವ ನಳಿಗೆಯೆಂದು ತಿಳಿದು ಫೌಜದಾರ ನನ್ನ ಕಪಾಳಕ್ಕೊಂದು ಬಿಟ್ಟ. "ಕಳ್ಳಭಟ್ಟಿ ಎಲ್ಲೈತಿ, ಹೇಳಲೇ!"

"ಚಿಲಕಾನ ಹಾಕಿರಲಿಲ್ರಿ ಸಾಹೇಬ್ರ, ದೂಡಿದ್ರ ಸಾಕಿತ್ತು," ಅನ್ನುತ್ತ ಆಯಿ ತಂಬಿಗೆ ಹಿಡಿದು ಬಾವಿಯತ್ತ ನಡೆದರು.

"ಮುದುಕಿ ದಾರು ಚೆಲ್ಲಾಕ ಹೊಂಟಾಳ, ಹಿಡೀರಿ!" ಎಂದು ಕೂಗಿದ ಫೌಜದಾರ ತಾನೇ ಓಡಿ ತಂಬಿಗೆ ಕಸಿದು, ರುಚಿ ನೋಡಲು ಗಟಗಟ ಕುಡಿದ. ಬರೀ ನೀರು.

ಆಯಿ ತಲೆಯ ಮೇಲೆ ಕೈಹೊತ್ತು ಕೂತರು. "ಅಯ್ಯಯ್ಯ, ಅದರಾಗ ಎಷ್ಟ್ ಜೀವ ಇದ್ವೋ ಏನೋ! ಎಲ್ಲಾ ನುಂಗಿಬಿಟ್ರಲ್ರಿ!"

ಫೌಜದಾರನ ಮುಖ ಹುಳ್ಳಗಾಯಿತು. ಮುರಿದ ಬಾಗಿಲಿನ ಬಗ್ಗೆ ಚಕಾರವೆತ್ತದವನು, ಆ ಜೀವಗಳಿಗಾಗಿ ಆಯಿಗೆ ಕೈಮುಗಿದು ಹೊರಟುಹೋದ.

ಕೆನ್ನೆ ಹಿಡಿದು ನಿಂತ ನಾನೂ ಒಂದು ಜೀವ ಅನ್ನೋದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.