ಇಲ್ಲದ ಸೀಮೆಎಣ್ಣೆ

ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಮೊನ್ನೆ ಬೋಂಡ ತಿನ್ನುತ್ತಿದ್ದೆ. ಡಾಕ್ಟರು ಬೇಡವೆಂದಿದ್ದಾರೆ, ಅದಕ್ಕೇ ಮನೆಯವರ ಕಣ್ಣಿಗೆ ಬೀಳದಂತೆ ಅಷ್ಟು ದೂರ ಹೋಗಿ ತಿನ್ನುವುದು. ಬೋಂಡ ಸುತ್ತಿಕೊಟ್ಟ ಕಾಗದ ಗಂಡಂದಿರ ಹಕ್ಕಿನ ಸಂಘವೊಂದರ ಕರಪತ್ರ. ಸುಳ್ಳು ಕೇಸುಗಳಿಂದ ಗಂಡಸರನ್ನು ಉಳಿಸಿ ಎಂಬ ತಲೆಬರಹ. ಅದರ ಕೆಳಗೆ, ಕೋರ್ಟಿನಲ್ಲಿ ಬಿದ್ದುಹೋದ, ನಮ್ಮ ತಾಲ್ಲೂಕಿನದೇ ಭಾಗ್ಯ ಎಂಬವಳ ದೂರಿನ ಸಾಲು ದಪ್ಪಕ್ಷರದಲ್ಲಿ: ‘ನನ್ನ ಗಂಡನು ಮೈಮೇಲೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಲು ಮುಂದಾಗಿದ್ದು, ದೇವರ ದಯೆಯಿಂದ ಬದುಕುಳಿದಿರುತ್ತೇನೆ.’

ಬೋಂಡ ಪಕ್ಕಕ್ಕಿಟ್ಟು ಮತ್ತೊಮ್ಮೆ ಓದಿದೆ. ಆ ಸಾಲು ನನ್ನದು. ‘ದೇವರ ದಯೆಯಿಂದ’ ಎಂದು ಸೇರಿಸುವ ಚಟ ಈ ಸೀಮೆಯಲ್ಲಿ ನನಗೊಬ್ಬನಿಗೇ ಇದ್ದದ್ದು.

ನಾನು ಅರ್ಜಿ ಬರೆಯುತ್ತಿದ್ದವನು. ತಾಲ್ಲೂಕು ಕಚೇರಿಯ ಮುಂದಿನ ಮರದ ಕೆಳಗೆ ಒಂದು ಮೇಜು, ಒಂದು ಕುರ್ಚಿ, ತಲೆಯ ಮೇಲೆ ಕಾಗೆಗಳು. ಖಾತೆ ಬದಲಾವಣೆಯಿಂದ ಹಿಡಿದು ಗಂಡ ಹೆಂಡಿರ ಜಗಳದವರೆಗೆ ಎಲ್ಲವೂ ನನ್ನ ಪೆನ್ನಿನಿಂದಲೇ ಇಳಿಯಬೇಕು. ನನ್ನ ಅರ್ಜಿ ಓದಿದರೆ ಕಲ್ಲೂ ಕರಗುತ್ತದೆ ಎಂದು ಜನ ಹೇಳುತ್ತಿದ್ದರು. ನಾನೂ ನಂಬಿದ್ದೆ, ನಂಬದೆ ಇರುವಷ್ಟು ಬುದ್ಧಿ ಆಗ ಇರಲಿಲ್ಲ.

ಭಾಗ್ಯ ಬಂದದ್ದು ಹೊಗೆಸೊಪ್ಪಿನ ಕಾಲದಲ್ಲಿ. ಸೊಪ್ಪಿನ ಅಂಟಿಗೆ ಬೆರಳೆಲ್ಲ ಕಪ್ಪಾಗಿದ್ದವು. ಏನಾಯಿತೆಂದು ಕೇಳಿದೆ.

“ನಾಕು ವರ್ಸ ಆಯ್ತು ಸಾ, ನನ್ ಗಂಡ ನನ್ನತ್ರ ಒಂದ್ ಮಾತಾಡಿಲ್ಲ. ಏನಾರ ಏಳೋದಿದ್ರೆ ನನ್ ಮುಂದೆನೇ ಕೊಟ್ಗೇಲಿರೋ ಅಸುಗೆ ಏಳ್ತಾನೆ. ‘ಇಟ್ಟು ಬಡ್ಸಕೇಳೇ ಅವ್ಳಿಗೆ’ ಅಂತ. ಒಲಕ್ಕೋಗುವಾಗ ಆಚೆಯಿಂದ ಚಿಲ್ಕ ಆಕ್ಕೊಂಡೋಯ್ತಾನೆ. ನಮ್ಮತ್ತೇನೇ ಕದ್ದು ಬಂದು ತಗೀತದೆ.”

“ಹೊಡೆದನಾ?”

“ಇಲ್ಲ ಸಾ.”

ಹಸುವಿನ ಹತ್ತಿರ ಮಾತಾಡುವ ಗಂಡನನ್ನು ನಾನು ಯಾವ ಕಾನೂನಿಗೆ ಕೂರಿಸಲಿ? ಚಿಲಕವನ್ನಾದರೂ ಬರೆಯಬಹುದಿತ್ತು. ಅದು ಸಪ್ಪೆ ಎನ್ನಿಸಿತು. ಬೇರೆ ಅರ್ಜಿಗಳಿಗೆ ಬಳಸಿ ಪಳಗಿದ್ದ ಸಾಲು ಕೈಯಲ್ಲೇ ಇತ್ತು, ಇಳಿಸಿದೆ. ಆರೋಪಿಗಳ ಜಾಗದಲ್ಲಿ ರೂಢಿಯಂತೆ ಗಂಡ, ಅತ್ತೆ ಎಂದೂ ಬರೆದೆ.

ಓದಿ ಹೇಳಿ ಎಂದಳು. ಗಡಗಡನೆ ಓದಿದೆ. ಅವಳು ತಡೆದಳು. “ಸೀಮೆಎಣ್ಣೆ ಉಯ್ದಿಲ್ವಲ್ಲ ಸಾ. ಅತ್ತೆ ಎಸ್ರು ಯಾಕೆ ಸಾ?”

“ಹಂಗೆ ಬರೀದಿದ್ರೆ ಕೇಸು ನಿಲ್ಲಲ್ಲ ಕಣವ್ವ. ನಂಗೆ ಬುಡು.”

ನನಗೆ ಬಿಟ್ಟಳು. ಸಹಿ ಹಾಕಿದಾಗ ಕಾಗದದ ಮೂಲೆಯಲ್ಲಿ ಅಂಟಿನ ಬೆರಳು ಮೂಡಿತು. ಹಾಳೆ ಕೊಳೆಯಾಯಿತೆಂದು ನಾನು ಗೊಣಗಿದ್ದೂ ನೆನಪಿದೆ.

ಅದಾದ ಕೆಲವು ತಿಂಗಳಿಗೆ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಮಹಿಳೆಯರ ಸಭೆ. ಭಾಷಣ ಮಾಡಿದ ಹೆಣ್ಣುಮಗಳು ನನ್ನ ಸಾಲನ್ನೇ ನಡುಗುವ ದನಿಯಲ್ಲಿ ಓದಿದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಹಿಂದೆ ನಿಂತು ಒಳಗೊಳಗೇ ಉಬ್ಬಿದೆ. ಚಿಲಕದ ವಿಷಯ ಆ ಭಾಷಣದವಳು ಹೇಳಲಿಲ್ಲ, ನಾನು ಬರೆದಿದ್ದರೆ ತಾನೆ ಹೇಳುವುದು.

ಅತ್ತೆಯನ್ನು ಠಾಣೆಗೆ ಕರೆಸಿದರು. ಸೊಸೆಗಾಗಿ ಕದ್ದು ಚಿಲಕ ತೆಗೆಯುತ್ತಿದ್ದ ಆ ಮುದುಕಿ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂತಿತ್ತು. ಆಮೇಲೆ ಸಾಯುವವರೆಗೂ ಭಾಗ್ಯಳ ಮುಖ ನೋಡಲಿಲ್ಲ. ಗಂಡಸರ ಸಂಘದವರ ಕೂಗಿನಲ್ಲಿ ಈ ಒಂದು ನೋವು ನಿಜ. ಅದನ್ನು ಅವರಿಗೆ ಕೊಟ್ಟವನೂ ನಾನೇ.

ಕೋರ್ಟಿನಲ್ಲಿ ಗಂಡನ ಕಡೆಯ ವಕೀಲರು ಮೆತ್ತಗೆ ಕೇಳಿದರು. ಸೊಸೈಟಿಯಲ್ಲಿ ಸೀಮೆಎಣ್ಣೆ ನಿಂತು ವರ್ಷಗಳಾಗಿವೆ, ನಿಮ್ಮ ಮನೆಯಲ್ಲಿ ಗ್ಯಾಸಿದೆ, ಎಲ್ಲಿಂದ ತಂದನಮ್ಮ? ಭಾಗ್ಯ ತಲೆ ತಗ್ಗಿಸಿ, “ಉಯ್ದಿಲ್ಲ ಸ್ವಾಮಿ” ಎಂದಳು. ಹಾಗಾದರೆ ಬರೆಸಿದ್ದು ಯಾರು? ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ಒಮ್ಮೆ ನೋಡಿದಳು. ನಾನು ಬಾಗಿಲ ಮರೆಗೆ ಸರಿದೆ.

“ನಾನೇ ಬರಸ್ದೆ” ಎಂದಳು.

ಕೇಸು ಬಿತ್ತು. ಅವಳು ರಾವಂದೂರಿನ ಹತ್ತಿರ ಒಂದು ಕೋಣೆ ಹಿಡಿದು, ಸೊಪ್ಪು ಕಟ್ಟುವ ಕೂಲಿಗೆ ಹೋಗತೊಡಗಿದಳು. ಊರಿನವರು ‘ಸೀಮೆಎಣ್ಣೆ ಭಾಗ್ಯ’ ಎಂದು ಹೆಸರಿಟ್ಟರು. ನಾನು ಬಾಯಿ ಬಿಡಲಿಲ್ಲ. ನನಗೆ ಹೆದರಿಕೆ ಇತ್ತು, ಅಷ್ಟೆ. ಅದಕ್ಕೆ ಬೇರೆ ಚೆಂದದ ಮಾತು ಹುಡುಕಲಾರೆ.

ಬೋಂಡದಂಗಡಿಯವನು ನಾನು ಕರಪತ್ರ ಓದುತ್ತಿದ್ದದ್ದನ್ನು ಕಂಡು ನಕ್ಕ. “ನೋಡುದ್ರಾ ಸಾ, ಎಂಗಸ್ರು ಎಂಗೆ ಸುಳ್ಳೇಳ್ತಾರೆ?”

“ಈ ಸುಳ್ಳು ಅವಳದಲ್ಲ ಕಣಪ್ಪ, ನಂದು. ಬರೆದವನು ನಾನು” ಎಂದೆ. ಇಷ್ಟು ವರ್ಷಕ್ಕೆ ಮೊದಲ ಸಲ ಬಾಯಿಂದ ಬಂತು.

ಅವನು ನಗು ಬಿಟ್ಟು ಬಾಣಲೆಯತ್ತ ತಿರುಗಿದ. ಒಳಗೆ ಹಿಟ್ಟು ಕಲಸುತ್ತಿದ್ದ ಅವನ ಹೆಂಡತಿ ಕೈ ನಿಲ್ಲಿಸಿ ಈಚೆ ಬಂದಳು.

“ಕೋರ್ಟ್‌ನಾಗೆ ನಿಂತಿದ್ರಾ ಸಾ ಅವತ್ತು?”

“ನಿಂತಿದ್ದೆ.”

“ಮತ್ತೆ ಅವತ್ತು ಯಾಕೇಳ್ನಿಲ್ಲ?”

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ, ಒಳಗೆ ಹೋದಳು. ಕರಪತ್ರವನ್ನು ಮಡಿಸಿ ಜೇಬಿಗಿಟ್ಟೆ. ಎಣ್ಣೆ ಅಂಗಿಗೆ ಇಳಿಯಿತು.

ರಾವಂದೂರಿನ ಬಸ್ಸು ಹೊರಡುವುದರಲ್ಲಿತ್ತು. ಹತ್ತಿದೆ. ಅವಳು ಬಯ್ಯಬಹುದು, ನನ್ನ ಗುರುತೇ ಇಲ್ಲ ಎನ್ನಬಹುದು. ಬಾಗಿಲನ್ನೇ ತೆಗೆಯದಿರಬಹುದು. ಈಗ ಅವಳ ಮನೆಯ ಚಿಲಕ ಒಳಗಡೆ ಇದೆ.