ಕೋಡು ಹಚ್ಚಿದ ಗೊಂಬೆ

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಗಂಡುಹುಡುಗರು ಎತ್ತು ಮಾಡುತ್ತಾರೆ. ಆಮೇಲಿನ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಅಂಥದೇ ಮಣ್ಣಿನಲ್ಲಿ ಗುಳ್ಳವ್ವ ಎಂಬ ಗೊಂಬೆ ಮಾಡುತ್ತಾರೆ. ಹೀಗೇಕೆ ಎಂದು ಕೇಳಿದವನಲ್ಲ ನಾನು. ಮಗನಿಗೆ ಐದು ತುಂಬುವುದರೊಳಗೆ ಲಾರಿ, ಟ್ರ್ಯಾಕ್ಟರ್, ಪಿಸ್ತೂಲು ತಂದು ಮನೆ ತುಂಬಿಸಿದ್ದೆ.

ಆ ವರ್ಷ ಹೆಂಡತಿ ಎರಡನೆಯ ಹೆರಿಗೆಗೆ ಬ್ಯಾಡಗಿಯ ತವರಿಗೆ ಹೋಗಿದ್ದಳು. ರಾಣೆಬೆನ್ನೂರಿನಲ್ಲಿ ನಾನು, ನನ್ನ ತಾಯಿ, ಮಗ. ವಾರಕ್ಕೊಮ್ಮೆ ಎಸ್‌ಟಿಡಿ ಬೂತಿಗೆ ಕರೆದೊಯ್ದು ಅವನಿಗೆ ಅವಳ ದನಿ ಕೇಳಿಸುತ್ತಿದ್ದೆ.

ಅಮಾವಾಸ್ಯೆಯ ಮಧ್ಯಾಹ್ನ ಹೋಳಿಗೆ ಉಂಡು ಪಡಸಾಲೆಯಲ್ಲಿ ಮಲಗಿದ್ದೆ. ಬಾಗಿಲಲ್ಲಿ ಬಿಸಿಲು ಬಂದು ಹೋಗುತ್ತಿತ್ತು. ಮಗ ಏನೋ ಗುನುಗುತ್ತ, ಎತ್ತು ಮಾಡಲೆಂದು ಕೊಟ್ಟ ಮಣ್ಣು ತಟ್ಟುತ್ತಿದ್ದ. ಆ ಸದ್ದು ಹತ್ತಿರದ್ದೋ ದೂರದ್ದೋ ತಿಳಿಯಲಿಲ್ಲ. ನಿದ್ದೆಯೊಳಗೂ ಹಸಿಮಣ್ಣಿನ ವಾಸನೆ ಬರುತ್ತಿತ್ತು. ಕಣ್ಣು ಬಿಟ್ಟಾಗ ಅವನೂ ಅಲ್ಲೇ ನಿದ್ದೆ ಹೋಗಿದ್ದ. ಪಕ್ಕದಲ್ಲಿ ಎತ್ತು ಇರಲಿಲ್ಲ. ದಪ್ಪ ಹೊಟ್ಟೆಯ, ಹಣೆಗೆ ಗುಲಗಂಜಿಯ ಕುಂಕುಮವಿಟ್ಟ ಹೆಣ್ಣುಗೊಂಬೆ ಕೂತಿತ್ತು.

ಗುಳ್ಳವ್ವ! ಸಂಜೆ ಪೂಜೆಗೆ ಓಣಿಯವರು ಬಂದರೆ ಏನಂದಾರು, ನನ್ನ ತಾಯಿ ಏನಂದಾರು? ನನಗೆ ನಾಚಿಕೆಯಾಯಿತು. ಸದ್ದಿಲ್ಲದೆ ಅದನ್ನು ಮಲಗಿಸಿ ನಾಲ್ಕು ಕಾಲು ಹಚ್ಚಿದೆ. ಬೆಂಕಿಕಡ್ಡಿಗೆ ಮಣ್ಣು ಮೆತ್ತಿ ಹಣೆಗೆ ಎರಡು ಕೋಡು ಸಿಗಿಸಿದೆ. ಹೊಟ್ಟೆ ದಪ್ಪಗಿದ್ದದ್ದು ಅನುಕೂಲವೇ ಆಯಿತು. ಜೋಡೆತ್ತಿಗೆ ಸರಿಯಾದ ಎತ್ತು ಎಂದು ಬೀಗಿದೆ ಕೂಡ.

ಮಗ ಎದ್ದು ಅದರ ಕೋಡು ಮುಟ್ಟಿ ನೋಡಿದ. ಅಳಲಿಲ್ಲ.

"ಅಪ್ಪಾ, ಅದು ಅವ್ವ ಇತ್ತು. ಹೊಟ್ಟ್ಯಾಗ ಪಾಪು ಇತ್ತು."

ಯಾರ ಮಾತಿಗೆ ಹೆದರಿದ್ದೆನೋ ಆ ನನ್ನ ತಾಯಿ, ಹುಡುಗನ ಗೊಂಬೆ ಮೊದಲಿನಂತೆ ಮಾಡಿಕೊಡು ಎಂದಷ್ಟೇ ಹೇಳಿ ಒಳಗೆ ಹೋದರು. ಆ ಸಂಜೆ ದೇವರ ಜಗಲಿಗೆ ಕುಂಬಾರರ ಮನೆಯ ಎತ್ತು ತಂದೆವು. ಗೊಂಬೆಯ ಕೋಡು, ಕಾಲು ಕಿತ್ತು ನೀರು ಸವರಿದೆ. ಮಣ್ಣು ಬಿಗಿದಿತ್ತು, ಹಣೆಯ ತೂತು ಮುಚ್ಚಲಿಲ್ಲ.

ಮರುದಿನ ಬ್ಯಾಡಗಿಯ ಬಸ್ಸಿನಲ್ಲಿ ಮಗ ಗೊಂಬೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಬಂದ. ಯಾರೋ ನಕ್ಕರು. ನಗಲಿ ಅನ್ನಿಸಿತು.

ಹೆಂಡತಿ ಗೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಣೆಯಲ್ಲಿ ಇವೇನು ತೂತು ಎಂದು ಕೇಳಿದಳು.

"ಅಪ್ಪ ಕೋಡ ಹಚ್ಚಿದ್ದ," ಅಂದ ಮಗ. "ಅವಂಗ ನಿನ್ನ ಗುರ್ತ ಹತ್ತಲಿಲ್ಲ."